ಮಲಗಿದ್ರೆ ಕಾಲು ಎತ್ತುತ್ತಾರೆ, ಕೂರಿಸಿದ್ರೆ ವಾಲ್ತಾರೆ: ಸ್ಟ್ರೋಕ್ ಆದ್ಮೇಲೆ ಬ್ಯಾಲೆನ್ಸ್‌ಗೆ ಏನು ಮಾಡಿಸ್ಬೇಕು?

ಮಳೆಹನಿ:

ಎಲ್ರಿಗೂ ನಮಸ್ಕಾರ. ಅಪ್ಪಂಗೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬಿದ್ದಿತ್ತು, ಈಗ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದೀವಿ. ಮಾತು ಚೆನ್ನಾಗಿದೆ, ನುಂಗೋಕೂ ತೊಂದ್ರೆ ಇಲ್ಲ, ಮಲಗಿದ್ದಾಗ ಎಡಗಾಲು ಮಡಚ್ತಾರೆ, ಹಾಸಿಗೆಯಿಂದ ಒಂಚೂರು ಮೇಲಕ್ಕೂ ಎತ್ತುತ್ತಾರೆ. ಆದ್ರೆ ಮಂಚದ ಅಂಚಲ್ಲಿ ಕೂರಿಸಿದ್ರೆ ಸ್ವಲ್ಪ ಹೊತ್ತಿಗೆ ಎಡಕ್ಕೆ ವಾಲೋಕೆ ಶುರು. ಬಲಗೈಲಿ ಮಂಚದ ಪಟ್ಟಿ ಗಟ್ಟಿಯಾಗಿ ಹಿಡ್ಕೊಂಡಿರ್ತಾರೆ, ಬಿಡಿ ಅಂದ್ರೂ ಬಿಡಲ್ಲ.

ಮನೆಗೆ ಬರೋ ಫಿಸಿಯೋ ಎಲ್ಲಾನೂ ಕೂರಿಸ್ಕೊಂಡೇ ಮಾಡಿಸ್ತಾರೆ. ಬಾಟಲ್ ಅಲ್ಲಿಟ್ಟಿದೀನಿ ತಗೊಳ್ಳಿ, ಈ ಪಿರ್ರೆ ಮೇಲೆ ತೂಕ ಹಾಕಿ, ಆ ಪಿರ್ರೆ ಎತ್ತಿ, ಸೊಂಟ ಮುಂದೆ ಹಿಂದೆ ಮಾಡಿ, ಇಷ್ಟೇ. ನಡಿಸೋದೇ ಇಲ್ಲ. ಮನೇಲಿ ಎಲ್ಲರದ್ದೂ ಒಂದೇ ಮಾತು, ನಡಿಸದೆ ಕಾಲಿಗೆ ಬಲ ಹೆಂಗ್ ಬರುತ್ತೆ ಅಂತ. ಅಣ್ಣ ಅಂತೂ ನಾವಿಬ್ರೂ ಆ ಕಡೆ ಈ ಕಡೆ ಕಂಕುಳಿಗೆ ಕೈ ಕೊಟ್ಟು ನಡಿಸೋಣ ಬಿಡು ಅಂತಿದಾನೆ. ಈ ಕೂತ್ಕೊಂಡು ಮಾಡೋ ಎಕ್ಸರ್ಸೈಜ್‌ಗೆ ನಿಜವಾಗ್ಲೂ ಅರ್ಥ ಇದೆಯಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಫಿಸಿಯೋ ಕೋಣೆ:

ಮೇಡಂ, ನಾನು ನ್ಯೂರೋ ರಿಹ್ಯಾಬ್‌ನಲ್ಲಿ ಕೆಲಸ ಮಾಡೋ ಫಿಸಿಯೋ. ನಿಮ್ಮ ತಂದೆಯವರನ್ನ ನೋಡದೆ ಇಂಥದ್ದೇ ಮಾಡಿಸಿ ಅಂತ ಹೇಳಕ್ಕಾಗಲ್ಲ, ಆದ್ರೆ ನಿಮ್ಮ ಫಿಸಿಯೋ ಯಾಕೆ ಹಂಗೆ ಮಾಡಿಸ್ತಿದಾರೆ ಅನ್ನೋದು ಹೇಳ್ಬಹುದು.

ಕೈ ಎತ್ತೋದು ಅಂದ್ರೆ ಬರೀ ಭುಜದ ಕೆಲಸ ಅಂದ್ಕೊಂಡಿರ್ತೀವಿ. ಅಲ್ಲ. ಕೈ ಅಲ್ಲಾಡೋಕೆ ಮುಂಚೆನೇ, ಕಣ್ಣಿಗೆ ಗೊತ್ತಾಗದಷ್ಟು ಚಿಕ್ಕ ಸಮಯದಲ್ಲಿ, ಹೊಟ್ಟೆ ಬೆನ್ನು ಸೊಂಟದ ಸ್ನಾಯುಗಳು ಬಿಗಿಯಾಗಿ ಮೈಯನ್ನ ನಿಲ್ಲಿಸಿಕೊಂಡಿರ್ತವೆ, ಯಾಕಂದ್ರೆ ಕೈ ಮುಂದಕ್ಕೆ ಹೋದ್ರೆ ಭಾರಾನೂ ಮುಂದಕ್ಕೆ ಹೋಗುತ್ತೆ ಅನ್ನೋದು ಮೆದುಳಿಗೆ ಮೊದಲೇ ಲೆಕ್ಕ ಇರುತ್ತೆ. ಸ್ಟ್ರೋಕ್ ಆದ್ಮೇಲೆ ಈ ಮುಂಚಿನ ತಯಾರಿ ತಡ ಆಗುತ್ತೆ, ಬಲಾನೂ ಕಮ್ಮಿ ಬರುತ್ತೆ. ಮಲಗಿದ್ದಾಗ ಇದು ಗೊತ್ತಾಗಲ್ಲ, ಬೆನ್ನಿನ ಕೆಲಸ ಹಾಸಿಗೆ ಮಾಡ್ತಿರುತ್ತಲ್ಲ. ಕೂರಿಸಿದ ತಕ್ಷಣ ಬಣ್ಣ ಬಯಲು. ಅದಕ್ಕೇ ನಿಮ್ಮಪ್ಪ ಮಲಗಿ ಕಾಲು ಎತ್ತಿದ್ರೂ ಕೂತಾಗ ವಾಲ್ತಾರೆ.

ಇನ್ನೊಂದು ವಿಷ್ಯ. ಕೈಬೆರಳಿಗೆ ಆಜ್ಞೆ ಬರೋದು ಹೆಚ್ಚಾಗಿ ಮೆದುಳಿನ ವಿರುದ್ಧ ಕಡೆಯಿಂದ, ಅಂದ್ರೆ ಎಡಗೈಗೆ ಬಲಭಾಗದಿಂದ, ಆದ್ರೆ ಮುಂಡದ ಸ್ನಾಯುಗಳಿಗೆ ಮೆದುಳಿನ ಎರಡೂ ಕಡೆಯಿಂದ ಬರುತ್ತೆ. ಹಂಗಾಗಿ ಕೈ ಥರ ಬೆನ್ನು ಪೂರ್ತಿ ಬಿದ್ದುಹೋಗೋದು ಅಪರೂಪ, ವಾಪಸ್ ಬರೋ ಅವಕಾಶ ಜಾಸ್ತಿ. ಅದೇ ಕಾರಣಕ್ಕೆ ನಾವು ಚೆನ್ನಾಗಿರೋ ಕಡೆ ಅಂತೀವಲ್ಲ, ಆ ಕಡೇನೂ ಹೊಟ್ಟೆ ಬೆನ್ನಿನ ಬಲ ಸ್ವಲ್ಪ ಇಳಿದಿರುತ್ತೆ. ಮನೆಯವರ ಕಣ್ಣೆಲ್ಲ ಕೈಕಾಲಿನ ಮೇಲೇ ಇರುತ್ತೆ, ನಡುವಿನ ಭಾಗ ಯಾರೂ ನೋಡಲ್ಲ.

ಅಣ್ಣನಿಗೆ ಹೇಳಿ, ಕಂಕುಳಿಗೆ ಕೈ ಕೊಟ್ಟು ಎಳೆದು ನಡಿಸೋದು ದಯವಿಟ್ಟು ಬೇಡ. ಎಡ ಭುಜ ಈಗ ಸಡಿಲ ಇರುತ್ತೆ, ಕೀಲನ್ನ ಹಿಡಿದಿಡೋ ಸ್ನಾಯುಗಳು ಕೆಲಸ ಮಾಡ್ತಿಲ್ಲ, ಎಳೆದ್ರೆ ಭುಜ ಜಾರಿ ನೋವು ಶುರುವಾಗುತ್ತೆ, ಆಮೇಲೆ ಆ ನೋವಿಂದಾನೇ ಎಕ್ಸರ್ಸೈಜ್ ಎಲ್ಲ ನಿಂತುಹೋಗುತ್ತೆ.

ನೇರಮಾತು:

ನೋಡ್ರಿ, ಸಿಟ್ಟಾಗಬ್ಯಾಡ್ರಿ, ನನಗ ಇದು ಒಪ್ಪಿಗಿ ಇಲ್ಲ. ನಮ್ಮ ಕಾಕಾಗ ಲಕ್ವಾ ಹೊಡದಾಗ ಎಬ್ಬಿಸಿ ನಿಲ್ಲಿಸಿ ನಡಸಿದ್ವಿ, ಈಗ ಅವರು ಕೋಲು ಹಿಡಕೊಂಡು ತಾವಾ ಅಡ್ಡಾಡ್ತಾರ. ಕುಂದರಿಸಿ ಬಾಟಲಿ ಆಡಿಸಿದ್ರ ನಡಿಗಿ ಎಲ್ಲಿಂದ ಬರ್ತದ್ರಿ? ಏನು ಬೇಕೋ ಅದನ್ನ ಮಾಡಿಸಬೇಕು. ನಡೀಬೇಕಂದ್ರ ನಡಸಬೇಕು.

ಹಳೇ ಸೈಕಲ್:

ನನಗೇ ಸ್ಟ್ರೋಕ್ ಆಗಿತ್ತು, ನಂದೂ ಎಡಗಡೆನೇ, ಅದಕ್ಕೆ ನನ್ನ ಅನುಭವ ಬರೀತೀನಿ. ನೇರಮಾತು ಸರ್, ನಿಮ್ಮ ಕಾಕಾ ನಡೆದಿದ್ದು ಖುಷಿ, ಆದ್ರೆ ಅವರು ಎಬ್ಬಿಸೋ ಹೊತ್ತಿಗೆ ಕೈ ಬಿಟ್ಟು ಕೂರ್ತಿದ್ರಾ ಇಲ್ವಾ ಅನ್ನೋದು ನೆನಪು ಮಾಡ್ಕೊಳ್ಳಿ. ಕೂರ್ತಿದ್ದವರಿಗೆ ನಡೆಸೋದು ಬೇರೆ, ಕೂರಕ್ಕೇ ಆಗದವರಿಗೆ ನಡೆಸೋದು ಬೇರೆ.

ಹೊರಗಿಂದ ನೋಡೋರಿಗೆ ವಾಲ್ತಾನೆ ಅಂತ ಕಾಣುತ್ತೆ, ಒಳಗೆ ಕೂತವನಿಗೆ ಎಡಗಡೆ ಕೆಳಗೆ ಮಂಚನೇ ಇಲ್ಲ ಅನ್ನಿಸುತ್ತೆ. ಬಲ ಪಿರ್ರೆ ಕೆಳಗೆ ಹಾಸಿಗೆ ಇದೆ, ಗೊತ್ತಾಗುತ್ತೆ, ಎಡಕ್ಕೆ ಒಂಚೂರು ಸರಿದ್ರೆ ಗುಂಡಿಗೆ ಬಿದ್ದಂಗೆ. ಅದಕ್ಕೇ ಪಟ್ಟಿ ಹಿಡ್ಕೊಳ್ಳೋದು, ಹಠ ಅಲ್ಲ. ನಮ್ಮ ಫಿಸಿಯೋ ಪಟ್ಟಿ ಬಿಡಿ ಅಂತ ಒಂದು ದಿನಾನೂ ಹೇಳ್ಲಿಲ್ಲ. ನನ್ನ ಎಡಗಡೆ ಮೈಗೆ ಮೈ ತಾಗೋ ಹಂಗೆ ಕೂತ್ಕೊಂಡು, ಬಲಗೈನ ಪಟ್ಟಿಯಿಂದ ತೊಡೆ ಮೇಲಕ್ಕೆ ತನ್ನಿ, ವಾಪಸ್ ಇಡಿ, ಮತ್ತೆ ತನ್ನಿ ಅನ್ನೋರು. ಆಮೇಲೆ ಆ ಕೈಲಿ ಎದುರುಗಡೆ ಸ್ಟೂಲ್ ಮೇಲಿದ್ದ ಲೋಟ ಮುಟ್ಟಿಸಿದ್ರು. ಆಮೇಲೆ ಲೋಟ ದೂರ ಹೋಯ್ತು. ಕೈ ಚಾಚಿದ್ರೆ ಸಿಗಲ್ಲ, ಸೊಂಟದಿಂದ ಬಗ್ಗಿದ್ರೆ ಮಾತ್ರ ಸಿಗುತ್ತೆ, ಅಷ್ಟು ದೂರ. ಹಂಗೆ ಬಗ್ಗಿದಾಗ ಎಡ ಪಾದ ನೆಲಕ್ಕೆ ಒತ್ತಿದ್ದು ಮೊದಲನೇ ಸಲ ನನಗೆ ಗೊತ್ತಾಯ್ತು. ಒತ್ತು ಅಂತ ಯಾರೂ ಹೇಳಿರ್ಲಿಲ್ಲ, ತಾನಾಗೇ ಒತ್ತಿತ್ತು.

ಲೆಕ್ಕದ ಪುಸ್ತಕ:

ಮೇಲೆ ಹೇಳಿದ ಲೋಟದ ವಿಷ್ಯಕ್ಕೆ ಅಧ್ಯಯನಾನೇ ಇದೆ. 1997ರಲ್ಲಿ ಡೀನ್ ಮತ್ತು ಶೆಪರ್ಡ್ ಅನ್ನೋ ಇಬ್ಬರು ಸಂಶೋಧಕರು, ಸ್ಟ್ರೋಕ್ ಆಗಿ ಒಂದು ವರ್ಷಕ್ಕೂ ಮೇಲಾಗಿದ್ದ 20 ಜನರ ಮೇಲೆ ಮಾಡಿದ್ದು. ಅರ್ಧ ಜನಕ್ಕೆ ಕೂತ್ಕೊಂಡು ತೋಳಿನ ಉದ್ದಕ್ಕಿಂತ ದೂರ ಇರೋ ವಸ್ತು ತಗೊಳ್ಳೋ ಅಭ್ಯಾಸ 2 ವಾರ ಮಾಡಿಸಿದ್ರು. ಅವರು ಮೊದಲಿಗಿಂತ ದೂರ, ಬೇಗ ಕೈ ಚಾಚಿದ್ರು, ಬಿದ್ದ ಕಡೆಯ ಪಾದದ ಮೇಲೆ ಹೆಚ್ಚು ಭಾರ ಹಾಕಿದ್ರು, ಕುರ್ಚಿಯಿಂದ ಏಳೋವಾಗಲೂ ಆ ಕಾಲು ಹೆಚ್ಚು ಕೆಲಸ ಮಾಡ್ತು. ಆದ್ರೆ ನಡಿಗೆ ಸುಧಾರಿಸ್ಲಿಲ್ಲ. ನೇರಮಾತು ಸರ್ ಹೇಳೋದ್ರಲ್ಲಿ ಅಷ್ಟರ ಮಟ್ಟಿಗೆ ನಿಜ ಇದೆ, ಏನು ಅಭ್ಯಾಸ ಮಾಡ್ತೀವೋ ಅದು ಮತ್ತು ಅದರ ಅಕ್ಕಪಕ್ಕದ್ದು ಸುಧಾರಿಸುತ್ತೆ.

ಆಮೇಲೆ 2023ರಲ್ಲಿ ಕಾಕ್ರೇನ್‌ನವರು (ವೈದ್ಯಕೀಯ ಅಧ್ಯಯನಗಳನ್ನ ಒಟ್ಟುಗೂಡಿಸಿ ಪರಿಶೀಲಿಸೋ ಸಂಸ್ಥೆ) ಮುಂಡದ ತರಬೇತಿ ಬಗ್ಗೆ ಇರೋ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರು, 68 ಪ್ರಯೋಗ, 2585 ಜನ. ಅದೇ ಹೊತ್ತು ಬೇರೆ ಚಿಕಿತ್ಸೆ ತಗೊಂಡವರ ಜೊತೆ ಹೋಲಿಸಿದ್ರೂ ಮುಂಡದ ಹಿಡಿತ, ನಿಂತಾಗಿನ ಬ್ಯಾಲೆನ್ಸ್, ನಡಿಗೆ ಮೂರೂ ಚೆನ್ನಾಗಿತ್ತು. ಸ್ನಾನ ಮಾಡೋದು, ಬಟ್ಟೆ ಹಾಕೋದು ಇಂಥ ದಿನದ ಕೆಲಸಗಳಲ್ಲಿ ಮಾತ್ರ ಆ ಹೋಲಿಕೆಯಲ್ಲಿ ವ್ಯತ್ಯಾಸ ಕಾಣಿಸ್ಲಿಲ್ಲ. ಪ್ರಯೋಗಗಳ ಗುಣಮಟ್ಟ ಒಂದೇ ಥರ ಇಲ್ಲ, ಎಷ್ಟೋ ಚಿಕ್ಕಚಿಕ್ಕವು, ಅದನ್ನೂ ಅವರೇ ಬರೆದಿದಾರೆ. ಆದ್ರೂ ಇದು ಟೈಮ್ ವೇಸ್ಟ್ ಅಲ್ಲ ಅಂತ ಹೇಳೋಕೆ ಇಷ್ಟು ಸಾಕು ಅನ್ಸುತ್ತೆ ನನಗೆ.

ನೇರಮಾತು:

ಲೆಕ್ಕ ಛಲೋ ಐತಿ. ಆದ್ರ ಲಗೂನ ಎಬ್ಬಿಸಬೇಕು ಅಂತ ಡಾಕ್ಟರೂ ಹೇಳ್ತಾರಲ್ರಿ, ಮಲಗಿಸಿ ಇಟ್ರ ನಿಮೋನಿಯಾ, ಬೆನ್ನು ಹುಣ್ಣು ಎಲ್ಲಾ ಆಗ್ತಾವ.

ಲೆಕ್ಕದ ಪುಸ್ತಕ:

ಎಬ್ಬಿಸಬೇಕು, ಮಲಗಿಸಿ ಇಡಬಾರದು, ಎರಡೂ ಸರಿ. ಎಷ್ಟು ಬೇಗ, ಎಷ್ಟು ಜೋರು ಅನ್ನೋದೇ ಪ್ರಶ್ನೆ. ಅವರ್ಟ್ ಅಂತ ದೊಡ್ಡ ಪ್ರಯೋಗ 2015ರಲ್ಲಿ ಬಂತು, 2104 ಜನ. ಸ್ಟ್ರೋಕ್ ಆದ 24 ಗಂಟೆ ಒಳಗೇ ಎಬ್ಬಿಸಿ, ಹೆಚ್ಚು ಹೊತ್ತು ಹೆಚ್ಚು ಸಲ ಮಾಡಿಸಿದ ಗುಂಪು 3 ತಿಂಗಳಿಗೆ ಮಾಮೂಲಿ ಗುಂಪಿಗಿಂತ ಸ್ವಲ್ಪ ಹಿಂದೆನೇ ಇತ್ತು. ಒಳಗಿನ ವಿವರ ನೋಡಿದಾಗ ಚಿಕ್ಕಚಿಕ್ಕದಾಗಿ, ಆದ್ರೆ ಪದೇಪದೇ ಎಬ್ಬಿಸಿದವರಿಗೆ ಒಳ್ಳೇದಾಗಿತ್ತು. ಅದು ಮೊದಲ ಒಂದೆರಡು ದಿನದ ಕಥೆ, ಈಗ ಇವರ ತಂದೆ ಆ ಹಂತ ದಾಟಿದಾರೆ. ಆದ್ರೂ ಚಿಕ್ಕದಾಗಿ ಪದೇಪದೇ ಅನ್ನೋ ಮಾತು ಮನೇಲೂ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ಸಂಜೆಬೆಳಕು:

ನಾನೊಂದು ಕೇಳ್ಬೇಕು, ಮಧ್ಯ ಬರ್ತಿದೀನಿ ಕ್ಷಮಿಸಿ. ನಮ್ಮ ಯಜಮಾನ್ರಿಗೂ ಎಡಗಡೆನೇ, ಅವರೂ ಎಡಕ್ಕೇ ಹೋಗ್ತಾರೆ, ಆದ್ರೆ ವಾಲೋದಲ್ಲ, ಬಲಗೈ ಊರಿ ತಮ್ಮನ್ನೇ ಎಡಕ್ಕೆ ತಳ್ಕೋತಾರೆ. ನಾನು ನೆಟ್ಟಗೆ ಮಾಡೋಕೆ ಹೋದ್ರೆ ಬೀಳಿಸ್ತಿದೀಯಾ ಅಂತ ಕಿರುಚ್ತಾರೆ, ಇನ್ನೂ ಜೋರಾಗಿ ತಳ್ತಾರೆ. ಒಬ್ಬಳೇ ಹಿಡಿಯೋಕಾಗಲ್ಲ, ತೋಳೆಲ್ಲ ಸೋತುಹೋಗುತ್ತೆ. ಬೇಕಂತ ಮಾಡ್ತಾರೇನೋ ಅನ್ಸಿಬಿಡುತ್ತೆ ಒಂದೊಂದ್ಸಲ.

ಫಿಸಿಯೋ ಕೋಣೆ:

ಅಕ್ಕ, ಬೇಕಂತ ಅಲ್ಲವೇ ಅಲ್ಲ, ದಯವಿಟ್ಟು ಹಂಗೆ ಅಂದ್ಕೋಬೇಡಿ. ಇದಕ್ಕೆ ಪುಶರ್ ಸಿಂಡ್ರೋಮ್ ಅಂತಾರೆ. ಮೈ ನೆಟ್ಟಗಿದೆಯೋ ಇಲ್ವೋ ಅನ್ನೋ ಒಳಗಿನ ಅಳತೆನೇ ವಾರೆ ಆಗಿರುತ್ತೆ. ಕಾರ್ನಾಥ್ ಮತ್ತು ಜೊತೆಯವರು 2000ದಲ್ಲಿ ಇಂಥವರನ್ನ ಅಲ್ಲಾಡೋ ಕುರ್ಚಿ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿ ನೋಡಿದಾಗ, ಮೈ ಸುಮಾರು 18 ಡಿಗ್ರಿ ಓರೆಯಾಗಿದ್ದಾಗ, ಅದೂ ಮೆದುಳಿಗೆ ಪೆಟ್ಟಾದ ಕಡೆಗೆ ಓರೆಯಾಗಿದ್ದಾಗ, ಈಗ ನೆಟ್ಟಗಿದೀನಿ ಅಂತ ಹೇಳಿದ್ರು. ಅಂದ್ರೆ ನಿಮ್ಮ ಯಜಮಾನ್ರಿಗೆ ನೆಟ್ಟಗೆ ಅಂದ್ರೆ ಯಾವುದು ಅನ್ನೋ ಅಂದಾಜೇ ತಪ್ಪಿರುತ್ತೆ. ಅದರಿಂದ ಎಡಕ್ಕೆ ತಳ್ಳೋದು ಯಾಕೆ ಬರುತ್ತೆ ಅನ್ನೋದು ಇನ್ನೂ ಪೂರ್ತಿ ಗೊತ್ತಿಲ್ಲ, ಆದ್ರೆ ನೆಟ್ಟಗೆ ಮಾಡೋಕೆ ಹೋದ್ರೆ ಬೀಳ್ತಿದೀನಿ ಅನ್ನೋ ಭಯ ಅವರಿಗೆ ನಿಜವಾಗ್ಲೂ ಇರುತ್ತೆ. ನೀವು ಬಲವಂತ ಮಾಡಿದಷ್ಟೂ ಅವರು ಜಾಸ್ತಿ ತಳ್ತಾರೆ, ಅದು ಸಹಜ.

ಇದರಲ್ಲಿ ಉಪಯೋಗಕ್ಕೆ ಬರೋ ವಿಷ್ಯ ಏನಂದ್ರೆ, ಮೈಯ ಅಳತೆ ಕೆಟ್ಟಿದ್ರೂ ಕಣ್ಣಿನ ಅಳತೆ ಹೆಚ್ಚುಕಮ್ಮಿ ಸರಿ ಇರುತ್ತೆ. ಬಾಗಿಲ ಚೌಕಟ್ಟು, ಕಿಟಕಿ ಅಂಚು, ಗೋಡೆ ಮೂಲೆ ಹಿಂಗೆ ನೆಟ್ಟಗಿರೋದು ಎದುರಿಗೆ ಬರೋ ಹಂಗೆ ಕೂರಿಸಿ. ಆ ಚೌಕಟ್ಟು ನೋಡಿ, ಅದು ನೆಟ್ಟಗಿದೆಯಾ, ನೀವು ಅದಕ್ಕೆ ಸಮ ಇದೀರಾ ಅಂತ ಅವರನ್ನೇ ಕೇಳಿ. ಉತ್ತರ ಅವರ ಬಾಯಿಂದಾನೇ ಬರ್ಲಿ. ಆಮೇಲೆ ನೀವು ಎಳೆಯೋ ಬದ್ಲು ಬಲಗಡೆ ಒಂದು ಗುರಿ ಕೊಡಿ: ಬಲಗಡೆ ಗೋಡೆ ಇದ್ರೆ ಭುಜ ಗೋಡೆಗೆ ತಾಗಿಸಿ ಅನ್ನಿ, ಇಲ್ಲಾಂದ್ರೆ ಬಲಗಡೆ ಇಟ್ಟಿರೋ ವಸ್ತು ತಗೊಳ್ಳಿ ಅನ್ನಿ. ತಾವಾಗಿ ಬಲಕ್ಕೆ ಹೋದಾಗ ಅವರು ತಳ್ಳಲ್ಲ. ಬಲಗೈ ಅಂಗೈ ಊರೋಕೆ ಬಿಟ್ರೆ ತಳ್ಳೋದು ಜಾಸ್ತಿ, ಹಂಗಾಗಿ ಆ ಕೈಗೆ ಏನಾದ್ರೂ ಕೆಲಸ ಕೊಟ್ಟಿರಿ. ಇಂಥ ಕೇಸಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಈ ತಳ್ಳೋದು ಕಮ್ಮಿ ಆಗುತ್ತೆ. ಆದ್ರೆ ಒಬ್ಬರೇ ಹಿಡಿಯೋಕೆ ಹೋಗ್ಬೇಡಿ, ಇಬ್ಬರೂ ಬೀಳ್ತೀರ. ನಿಮ್ಮ ಫಿಸಿಯೋಗೆ ಈ ಹೆಸರು ಹೇಳಿ, ಅವರಿಗೆ ಗೊತ್ತಿರುತ್ತೆ.

ಮಳೆಹನಿ ಮೇಡಂ, ನಿಮ್ಮ ತಂದೆಯವರನ್ನ ಮಧ್ಯಕ್ಕೆ ತಂದಾಗ ವಿರೋಧಿಸ್ತಾರಾ?

ಮಳೆಹನಿ:

ಇಲ್ಲ ಸರ್, ನೆಟ್ಟಗೆ ಮಾಡಿದ್ರೆ ಸುಮ್ನೆ ಬರ್ತಾರೆ, ಆಮೇಲೆ ಮತ್ತೆ ನಿಧಾನಕ್ಕೆ ಹೋಗ್ತಾರೆ. ಇನ್ನೊಂದು ಗಮನಿಸಿದೀನಿ, ಎಡಗಡೆಯಿಂದ ಮಾತಾಡಿಸಿದ್ರೆ ತಿರುಗಲ್ಲ, ಬಲಕ್ಕೇ ನೋಡ್ತಾರೆ. ತಟ್ಟೆಲಿ ಎಡಭಾಗದ್ದು ಹಂಗೇ ಉಳಿದಿರುತ್ತೆ.

ಫಿಸಿಯೋ ಕೋಣೆ:

ಹಂಗಾದ್ರೆ ತಳ್ಳೋ ಸಮಸ್ಯೆ ಥರ ಕಾಣ್ತಿಲ್ಲ, ಬಲ ಕಮ್ಮಿ ಇರೋದಕ್ಕೆ ವಾಲ್ತಿದಾರೆ. ಜೊತೆಗೆ ಎಡಭಾಗದ ಕಡೆ ಗಮನವೇ ಹೋಗದೆ ಇರೋ ತೊಂದ್ರೆ ಇರ್ಬಹುದು, ಬಲ ಮೆದುಳಿನ ಸ್ಟ್ರೋಕಲ್ಲಿ ಇದು ಸಾಮಾನ್ಯ. ಎರಡೂ ಕಣ್ಣಿಗೆ ಎಡಭಾಗದ ದೃಷ್ಟಿಯೇ ಹೋಗಿದ್ರೂ ಹಂಗೇ ಇರುತ್ತೆ, ಅದನ್ನ ಪರೀಕ್ಷೆ ಮಾಡಿಸಿ. ಗಮನದ ತೊಂದ್ರೆ ಇರೋರಿಗೆ ಬ್ಯಾಲೆನ್ಸ್ ಸುಧಾರಿಸೋಕೆ ಹೆಚ್ಚು ಸಮಯ ಬೇಕಾಗುತ್ತೆ, ಅದಕ್ಕೆ ನಿಮ್ಮ ಫಿಸಿಯೋ ನಿಧಾನವಾಗಿ ಹೋಗ್ತಿರ್ಬಹುದು.

ಮನೇಲಿ ಹೆಂಗೆ ಕೂರಿಸ್ಬೇಕು ಅನ್ನೋದು ಹೇಳ್ತೀನಿ, ಎಕ್ಸರ್ಸೈಜ್‌ಗಿಂತ ಇದರಲ್ಲೇ ಜಾಸ್ತಿ ಜನ ಎಡವೋದು. ಮೆತ್ತನೆ ಹಾಸಿಗೆ ಅಂಚು ಬೇಡ, ಪಿರ್ರೆ ಹೂತುಹೋಗಿ ಸೊಂಟ ಹಿಂದಕ್ಕೆ ಬಾಗುತ್ತೆ, ಬೆನ್ನು ಗೂನಾಗುತ್ತೆ, ಆ ಸ್ಥಿತಿಲಿ ಯಾವ ಸ್ನಾಯುನೂ ಸರಿಯಾಗಿ ಕೆಲಸ ಮಾಡಲ್ಲ. ಗಟ್ಟಿ ಇರೋ ಕಡೆ ಕೂರಿಸಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ತೂಗಾಡಬಾರದು. ಎಡ ಮಂಡಿ ಹೊರಕ್ಕೆ ಬಿದ್ದುಹೋಗ್ತಿದ್ರೆ ನಿಮ್ಮ ಮಂಡಿಯಿಂದ ಮೆಲ್ಲಗೆ ತಡೀರಿ. ಎಡಗೈ ಕೆಳಗೆ ನೇತಾಡೋಕೆ ಬಿಡ್ಬೇಡಿ, ತೊಡೆ ಮೇಲೋ ಪಕ್ಕದ ಟೇಬಲ್ ಮೇಲೋ ಇರ್ಲಿ. ನೀವು ಕೂರೋದು ಎಡಗಡೆ. ಬೀಳೋ ಕಡೆನೂ ಅದೇ, ಅವರು ನೋಡ್ಬೇಕಾದ ಕಡೆನೂ ಅದೇ, ಎರಡೂ ಕೆಲಸ ಒಟ್ಟಿಗೆ ಆಗುತ್ತೆ.

ಮೊದಲು ಸೊಂಟ. ಬೆನ್ನು ಗೂನು ಮಾಡಿ, ಈಗ ನೆಟ್ಟಗೆ ಮಾಡಿ, ಸೊಂಟದಿಂದ ಶುರುವಾಗ್ಬೇಕು, ಭುಜ ಹಿಂದಕ್ಕೆ ಎಳೆದು ಎದೆ ಉಬ್ಬಿಸೋದಲ್ಲ. ನಿಮ್ಮ ಅಂಗೈನ ಸೊಂಟದ ಹಿಂದೆ ಇಟ್ಟು ನನ್ನ ಕೈ ತಳ್ಳಿ ಅಂದ್ರೆ ಬೇಗ ಅರ್ಥ ಆಗುತ್ತೆ. ಆಮೇಲೆ ಎದುರುಗಡೆ ಕೈ ಚಾಚೋದು, ಆಮೇಲೆ ಬಲಕ್ಕೆ, ಕೊನೆಗೆ ಎಡಕ್ಕೆ ಓರೆಯಾಗಿ. ಎಡಕ್ಕೆ ಹೋದಾಗ ಎಡ ಪಿರ್ರೆ ಮೇಲೆ ಭಾರ ಬಂದು ಎಡ ಪಕ್ಕೆ ಉದ್ದ ಆಗ್ಬೇಕು. ಪಕ್ಕೆ ಮುದುಡಿ ಭುಜ ಕೆಳಗೆ ಬಿದ್ರೆ ಅದು ವಾಲೋದಷ್ಟೇ, ಅಭ್ಯಾಸ ಆಗಲ್ಲ. ಈ ವ್ಯತ್ಯಾಸ ನೋಡೋಕೆ ಶರ್ಟಿನ ಪಕ್ಕದ ಹೊಲಿಗೆ ಗಮನಿಸಿ, ನೆರಿಗೆ ಕಟ್ಟಿತಾ ನೀಟಾಗಿ ಎಳ್ಕೊಳ್ತಾ ಅಂತ.

ಉಸಿರು ಬಿಗಿ ಹಿಡಿಯೋಕೆ ಬಿಡ್ಬೇಡಿ, ಬಿಪಿ ಏರುತ್ತೆ. ಜೋರಾಗಿ ಎಣಿಸ್ತಾ ಮಾಡ್ಲಿ, ಎಣಿಸ್ತಿದ್ರೆ ಉಸಿರು ಹಿಡಿಯೋಕಾಗಲ್ಲ. ಮಲಗಿದ್ದವರನ್ನ ಎಬ್ಬಿಸಿ ಕೂರಿಸಿದ ತಕ್ಷಣ ತಲೆ ಸುತ್ತುತ್ತೆ, ಕಣ್ಣು ಮಬ್ಬು ಅಂದ್ರೆ ಶುರು ಮಾಡ್ಬೇಡಿ, ಬಿಪಿ ಇಳಿದಿರ್ಬಹುದು, ಡಾಕ್ಟರಿಗೆ ತಿಳಿಸಿ.

ಹಳೇ ಸೈಕಲ್:

ಇದಕ್ಕೆ ನಂದೂ ಒಂದು ಮಾತು ಸೇರಿಸ್ತೀನಿ. ಸುಸ್ತು ಅಂದ್ರೆ ನಂಬಿ. ಸ್ಟ್ರೋಕ್ ಆದ್ಮೇಲಿನ ಸುಸ್ತು ಮಾಮೂಲಿ ಸುಸ್ತಲ್ಲ, ಚೆನ್ನಾಗಿ ಕೂತಿದ್ದವನು ಇದ್ದಕ್ಕಿದ್ದಂಗೆ ಕುಸೀತೀನಿ. ಮನೆಯವರು ಸೋಮಾರಿತನ ಅಂದ್ಕೋತಾರೆ. ಒಂದೇ ಸಲ ಉದ್ದಕ್ಕೆ ಮಾಡಿಸೋ ಬದ್ಲು ದಿನಕ್ಕೆ ಹತ್ತಾರು ಸಲ ಚಿಕ್ಕದಾಗಿ ಮಾಡಿಸಿದ್ರೆ ಮೈ ಒಪ್ಪುತ್ತೆ. ನಮ್ಮನೇಲಿ ಅದನ್ನ ಎಕ್ಸರ್ಸೈಜ್ ಅಂತ ಕರೆಯೋದೇ ಬಿಟ್ಟಿದ್ರು, ಹಲ್ಲುಜ್ಜೋದು, ತಲೆ ಬಾಚೋದು, ಪೇಪರ್ ಓದೋದು ಎಲ್ಲಾ ಒರಗದೆ ಕೂತು ಮಾಡೋದು, ಅಷ್ಟೇ. ಪೇಪರ್ ಎಡಗಡೆ ಇಡೋರು, ಬಯ್ಕೊಂಡು ಆ ಕಡೆ ತಿರುಗ್ತಿದ್ದೆ.

ದೋಸ್ತಿ ಬಳಗ:

ದೊಡ್ಡ ಬಾಲ್ ಮೇಲೆ ಕೂರಿಸಿ ಮಾಡಿಸೋ ವಿಡಿಯೋಗಳು ಬರ್ತವಲ್ಲ, ಅದನ್ನ ತರಿಸ್ಕೋಬಹುದಾ? ನಮ್ಮಮ್ಮಂಗೆ ಸ್ಟ್ರೋಕ್ ಆಗಿ ವರ್ಷಗಳೇ ಆಯ್ತು, ನಡೀತಾರೆ, ಆದ್ರೆ ತಿರುಗೋವಾಗ ತೂರಾಡ್ತಾರೆ. ಇಷ್ಟು ವರ್ಷ ಆದ್ಮೇಲೆ ಇನ್ನೇನು ಮಾಡಿದ್ರೂ ಪ್ರಯೋಜನ ಇಲ್ಲ ಅಂತ ಒಬ್ರು ಹೇಳಿದ್ರು.

ಫಿಸಿಯೋ ಕೋಣೆ:

ಬಾಲ್ ಮನೇಲಿ ಒಬ್ಬರೇ ಮಾಡಿಸೋ ವಸ್ತು ಅಲ್ಲ. ಅಲ್ಲಾಡೋ ಜಾಗದಲ್ಲಿ ಕೂತ್ರೆ ಮುಂಡಕ್ಕೆ ಕೆಲಸ ಜಾಸ್ತಿ ಅನ್ನೋದು ನಿಜ, ಕ್ಲಿನಿಕಲ್ಲಿ ನಾವೂ ಬಳಸ್ತೀವಿ, ಆದ್ರೆ ಹಿಡಿಯೋಕೆ ಜನ ಇರ್ಬೇಕು, ಅವರು ಗಟ್ಟಿ ಕುರ್ಚಿ ಮೇಲೆ ಕೈ ಬಿಟ್ಟು ಎಲ್ಲಾ ದಿಕ್ಕಿಗೂ ಬಗ್ಗಿ ಬರೋ ಹಂತಕ್ಕೆ ಬಂದಿರ್ಬೇಕು.

ವರ್ಷಗಳಾದ್ರೆ ಪ್ರಯೋಜನ ಇಲ್ಲ ಅನ್ನೋದು ತಪ್ಪು. ತಾನಾಗೇ ಆಗೋ ಚೇತರಿಕೆ ಮೊದಲ 3 ತಿಂಗಳಲ್ಲಿ ಜೋರು, ಆಮೇಲೆ ನಿಧಾನ ಆಗುತ್ತೆ, ಅಷ್ಟೇ. ಮೇಲೆ ಹೇಳಿದ 20 ಜನರೂ ವರ್ಷ ದಾಟಿದವರೇ ಅಲ್ವಾ. ನಿಮ್ಮ ತಾಯಿಗೆ ಕುರ್ಚಿ ಎಕ್ಸರ್ಸೈಜಿಗಿಂತ ಏಳೋದು ಕೂರೋದು, ನಿಂತು ಕೈ ಚಾಚೋದು, ಪಕ್ಕಕ್ಕೆ ಹೆಜ್ಜೆ ಹಾಕೋದು, ನಿಧಾನಕ್ಕೆ ತಿರುಗೋದು ಇದು ಬೇಕು. ಅಡಿಗೆಮನೆ ಕಟ್ಟೆ ಮುಂದೆ ನಿಂತು, ಹಿಂದೆ ಕುರ್ಚಿ ಇಟ್ಕೊಂಡು ಮಾಡ್ಬಹುದು, ಜೊತೆಗೊಬ್ರು ಇರ್ಬೇಕು. ಏಳೋವಾಗ ಎಡ ಬಲ ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರ್ಲಿ. ಹೆಚ್ಚಿನವರು ಶಕ್ತಿ ಇರೋ ಪಾದ ಹಿಂದೆ ಇಟ್ಟು ಅದರ ಮೇಲೇ ಏಳ್ತಾರೆ, ಇನ್ನೊಂದು ಕಾಲು ಸುಮ್ನೆ ಜೊತೆಗೆ ಬರುತ್ತೆ. ಬಿದ್ದ ಕಡೆ ಪಾದಾನ ಒಂಚೂರು ಜಾಸ್ತಿ ಹಿಂದಿಟ್ರೆ ಅದು ಕೆಲಸ ಮಾಡದೆ ಬೇರೆ ದಾರಿ ಇರಲ್ಲ. ಕುರ್ಚಿ ಎತ್ತರ ಇದ್ದಷ್ಟೂ ಸುಲಭ, ಅಭ್ಯಾಸ ಆದಂಗೆ ತಗ್ಗಿನ ಕುರ್ಚಿಗೆ ಬನ್ನಿ.

ಲೆಕ್ಕದ ಪುಸ್ತಕ:

ತಿರುಗೋವಾಗ ತೂರಾಡೋದನ್ನ ಹಗುರವಾಗಿ ತಗೋಬೇಡಿ. ಫೋರ್ಸ್ಟರ್ ಮತ್ತು ಯಂಗ್ 1995ರಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ 108 ಜನರನ್ನ ಹಿಂಬಾಲಿಸಿದಾಗ 6 ತಿಂಗಳೊಳಗೆ 73 ಶೇಕಡಾ ಜನ ಒಮ್ಮೆಯಾದ್ರೂ ಬಿದ್ದಿದ್ರು. ಸ್ಟ್ರೋಕ್ ಆದವರಿಗೆ ಸೊಂಟದ ಮೂಳೆ ಮುರಿಯೋದೂ ಹೆಚ್ಚಾಗಿ ಲಕ್ವಾ ಹೊಡೆದ ಕಡೆನೇ, ಆ ಕಡೆ ಮೂಳೆ ಸವೆದಿರುತ್ತೆ, ಬೀಳೋದೂ ಆ ಕಡೆಗೇ.

ನೇರಮಾತು:

ಇದನ್ನ ಓದಿ ಕಾಕಾಗ ಫೋನ್ ಹಚ್ಚಿದ್ದೆ. ನೀ ಮೊದಲಿಗೆ ಕುಂದರತಿದ್ದೇನು ಅಂತ ಕೇಳಿದೆ. ಎರಡನೇ ದಿನಾನ ಕೈ ಬಿಟ್ಟು ಕುಂತಿದ್ದೆ ಅಂದ್ರು, ನರ್ಸ್ ಅದನ್ನ ನೋಡೇ ನಿಲ್ಲಿಸಿದ್ರಂತ. ಇರ್ಲಿ, ಒಪ್ಪಿದೆ. ಆದ್ರ ಮಳೆಹನಿ ಅವರ ಫಿಸಿಯೋ ಹಿಂಗ ಕುಂದರಿಸಕೋತ ಎಷ್ಟು ದಿನ ಹೋಗ್ತಾರ? ಯಾವಾಗ ನಿಲ್ಲಸಬೇಕು ಅನ್ನೋದಕ್ಕೊಂದು ಅಳತಿ ಬೇಕಲ್ರಿ?

ಫಿಸಿಯೋ ಕೋಣೆ:

ಒಳ್ಳೆ ಪ್ರಶ್ನೆ ಸರ್, ಇದನ್ನ ಫಿಸಿಯೋ ಹತ್ರಾನೂ ನೇರವಾಗಿ ಕೇಳ್ಬೇಕು. ಅಳತೆಗಳಿವೆ. ಮುಂಡದ ಹಿಡಿತ ಅಳೆಯೋಕೆ ಟ್ರಂಕ್ ಇಂಪೇರ್ಮೆಂಟ್ ಸ್ಕೇಲ್ ಅಂತ ಒಂದು, 0ಯಿಂದ 23ರವರೆಗೆ ಅಂಕ, ಸುಮ್ನೆ ಕೂರೋದಕ್ಕೆ 7, ಕೂತು ಪಕ್ಕಕ್ಕೆ ಬಾಗಿ ಬರೋದಕ್ಕೆ 10, ಭುಜ ಸೊಂಟ ಬೇರೆಬೇರೆಯಾಗಿ ತಿರುಗಿಸೋದಕ್ಕೆ 6. ನಿಲ್ಲೋ ಹಂತಕ್ಕೆ ಬರ್ಗ್ ಸ್ಕೇಲ್, 14 ಕೆಲಸ, ಒಂದೊಂದಕ್ಕೆ 4, ಒಟ್ಟು 56. ನಡೆಯೋರಿಗೆ ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್ ಅಂತ ನೋಡ್ತೀವಿ. ಅಂಕ ಒಂದೇ ಕಡೆ ನಿಂತುಬಿಟ್ಟಿದ್ರೆ ಮಾಡಿಸ್ತಿರೋದನ್ನ ಬದಲಾಯಿಸೋ ಹೊತ್ತು ಅಂತ ಅರ್ಥ.

ಆಮೇಲೆ ಇದು ಕೂರೋದು ಮುಗೀಲಿ ಆಮೇಲೆ ನಿಲ್ಲೋಣ ಅನ್ನೋ ಮೆಟ್ಟಿಲಲ್ಲ. ನಾನು ಎರಡೂ ಒಟ್ಟಿಗೆ ಓಡಿಸ್ತೀನಿ, ಕೂತು ಮುಂಡದ ಅಭ್ಯಾಸ ನಡೀತಿರುವಾಗ್ಲೇ ಎತ್ತರದ ಮಂಚದಿಂದ ಹಿಡ್ಕೊಂಡು ಅರ್ಧ ಏಳಿಸೋದು, ನಿಲ್ಲಿಸೋದು. ಮಳೆಹನಿ ಅವರ ತಂದೆಗೆ ಬರೀ ಕೂರಿಸೋದೇ ಆಗ್ತಿದ್ರೆ, ನಿಲ್ಲಿಸೋದು ಯಾವಾಗ, ಯಾಕೆ ಇನ್ನೂ ಇಲ್ಲ ಅಂತ ಕೇಳೋ ಹಕ್ಕು ಅವರಿಗಿದೆ. ಇಂಥ ಒಂದೇ ಪದ್ಧತಿ ಎಲ್ಲದಕ್ಕಿಂತ ಶ್ರೇಷ್ಠ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಕಾಕ್ರೇನ್ 2014ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿ ಹಂಗೆ ಒಂದು ಪದ್ಧತಿ ಗೆಲ್ಲಲ್ಲ ಅಂತಾನೇ ಹೇಳಿದ್ದು.

ಮಳೆಹನಿ:

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಇವತ್ತು ಅಣ್ಣಂಗೆ ಪೂರ್ತಿ ಓದಿಸ್ದೆ. ಕಂಕುಳು ವಿಷ್ಯ ಬಿಟ್ಟ, ಈಗ ಎಡಗಡೆ ಕೂತ್ಕೊಂಡು ಕ್ರಿಕೆಟ್ ಸ್ಕೋರ್ ಹೇಳೋದು ಅವನ ಕೆಲಸ, ಅಪ್ಪ ಅದಕ್ಕೆ ಮಾತ್ರ ಎಡಕ್ಕೆ ತಿರುಗ್ತಾರೆ! ಫಿಸಿಯೋ ಹತ್ರ ಅಂಕ ಕೇಳಿದ್ವಿ, ಅವರು ಬರೆದಿಟ್ಟಿದ್ರು, 23ಕ್ಕೆ 6 ಇತ್ತು ಈಗ 9. ನಿಲ್ಲಿಸೋದು ಮುಂದಿನ ವಾರದಿಂದ ಅಂದಿದಾರೆ. ಒಂದು ಡೌಟು, ನಿಲ್ಲಿಸೋವಾಗ ನಾವು ಮಾತಾಡಿಸ್ತಾ ಇರ್ಬಹುದಾ? ಅಪ್ಪ ಮಾತಿಗಿಳಿದ್ರೆ ಕೂತಲ್ಲೂ ವಾಲ್ತಾರೆ.

ಫಿಸಿಯೋ ಕೋಣೆ:

ಹೊಸ ಕೆಲಸ ಕಲಿಯೋವಾಗ ಮಾತು ಬೇಡ, ಕೆಲಸದ ಬಗ್ಗೆ ಚಿಕ್ಕ ಮಾತಷ್ಟೇ. ಮೊದಲೆಲ್ಲ ತಾನಾಗೇ ಆಗ್ತಿದ್ದ ಬ್ಯಾಲೆನ್ಸಿಗೆ ಈಗ ಗಮನ ಖರ್ಚಾಗ್ತಿರುತ್ತೆ, ಮಾತಿಗೆ ಗಮನ ಹೋದ್ರೆ ಇದಕ್ಕೆ ಉಳಿಯಲ್ಲ. ಕೂರೋದು ಗಟ್ಟಿ ಆದ್ಮೇಲೆ ಬೇಕಂತಲೇ ಮಾತಾಡಿಸಿ, ಆಗ ಅದೇ ಅಭ್ಯಾಸ. ಸ್ಕೋರ್ ಕೂತಾಗ ಇರ್ಲಿ, ನಿಂತಾಗ ಸದ್ಯಕ್ಕೆ ಬೇಡ.

ಎಕ್ಸರ್ಸೈಜ್ ಮಧ್ಯೆ ಹೊಸದಾಗಿ ಬಾಯಿ ಸೊಟ್ಟ ಆದ್ರೆ, ಮಾತು ತೊದಲಿದ್ರೆ, ಕೈಕಾಲು ಇದ್ದಕ್ಕಿದ್ದಂಗೆ ಇನ್ನೂ ಸೋತ್ರೆ, ಹಿಂದೆಂದೂ ಇಲ್ಲದ ತಲೆನೋವು ಬಂದ್ರೆ, ಎದೆನೋವು ಬಂದ್ರೆ ಸುಸ್ತು ಇರ್ಬಹುದು ಅಂತ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹೊಸಬ:

ನಮ್ಮ ತಮ್ಮಂಗೆ ಚಿಕ್ಕಮೆದುಳಲ್ಲಿ ಸ್ಟ್ರೋಕ್ ಆಗಿದೆ. ಕೈಕಾಲಿಗೆ ಬಲ ಪೂರ್ತಿ ಇದೆ, ಆದ್ರೆ ಕೂತ್ರೆ ಮೈ ಎಲ್ಲಾ ಕಡೆ ತೂಗಾಡುತ್ತೆ. ಅವನಿಗೂ ಇದೇನಾ?

ಫಿಸಿಯೋ ಕೋಣೆ:

ಅದು ಬೇರೆ ಲೆಕ್ಕ ಸರ್. ಅಲ್ಲಿ ತೊಂದ್ರೆ ಬಲದ್ದಲ್ಲ, ಹೊಂದಾಣಿಕೆದು, ಎಷ್ಟು ಸಾಕು ಅನ್ನೋ ಅಂದಾಜು ತಪ್ಪಿರುತ್ತೆ, ಹಂಗಾಗಿ ಪ್ರತಿ ಸಲ ಜಾಸ್ತಿ ಹೋಗಿ ವಾಪಸ್ ಬರ್ತಾನೆ. ನಿಧಾನವಾಗಿ, ಚಿಕ್ಕ ಚಲನೆ, ಬೇಕಾದ ಕಡೆ ನಿಲ್ಲಿಸೋದು, ಅದನ್ನ ಹೆಚ್ಚು ಮಾಡಿಸ್ತೀವಿ. ಬೇರೆ ಪೋಸ್ಟ್ ಹಾಕಿ, ವಾಂತಿ, ತಲೆಸುತ್ತು, ನುಂಗೋ ತೊಂದ್ರೆ ಇದೆಯಾ ಅಂತಾನೂ ಬರೀರಿ, ಅಲ್ಲಿ ಮಾತಾಡೋಣ.